ಗೊರಕೆ ಹೊಡೆಯುವವರಲ್ಲಿ ಯಾರನ್ನು ಸ್ಲೀಪ್ ಸ್ಟಡಿಗೆ ಕಳಿಸುತ್ತೀರಿ?

ಪ್ರಶ್ನೆ: ಹಳ್ಳಿಯಲ್ಲಿ ಜನರಲ್ ಪ್ರಾಕ್ಟೀಸ್ ಮಾಡುತ್ತೇನೆ. ಸ್ಲೀಪ್ ಸ್ಟಡಿ (ರಾತ್ರಿ ನಿದ್ದೆಯಲ್ಲಿ ಉಸಿರು, ಆಕ್ಸಿಜನ್ ದಾಖಲಿಸುವ ಪರೀಕ್ಷೆ) ಆಗುವ ಜಾಗ ದೂರ. ಗೊರಕೆ ಅಂದವರನ್ನೆಲ್ಲ ಅಲ್ಲಿಗೆ ಅಟ್ಟಲು ಆಗುವುದಿಲ್ಲ. ಯಾರಿಗೆ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ) ಇರಬಹುದು ಅಂತ ಕ್ಲಿನಿಕ್‌ನಲ್ಲೇ ಹೇಗೆ ಅಂದಾಜು ಮಾಡುತ್ತೀರಿ?

ಉತ್ತರ: ಡಾಕ್ಟ್ರೇ, ‘ರಾತ್ರಿ ಉಸಿರು ನಿಲ್ಲುತ್ತೆ’ ಅಂತ ಹೇಳಿಕೊಂಡು ಬರುವವರು ತೀರಾ ಕಮ್ಮಿ. ಎದ್ದ ಕೂಡಲೇ ತಲೆನೋವು, ಎಷ್ಟು ಮಲಗಿದರೂ ಸುಸ್ತು, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಹೀಗೇ ಬರುತ್ತಾರೆ. ಮೂತ್ರ ಅಂದ ತಕ್ಷಣ ನಾವು ಶುಗರ್, ಪ್ರಾಸ್ಟೇಟ್ ನೋಡಿ ಮುಗಿಸುತ್ತೇವೆ, ಅಲ್ವಾ? ಗಂಟಲು ಮುಚ್ಚಿಕೊಂಡಾಗ ಉಸಿರೆಳೆಯಲು ಒದ್ದಾಡಿ ಹೃದಯದ ಮೇಲ್ಕೋಣೆ ಹಿಗ್ಗುತ್ತದೆ. ಆಗ ಅದು ಬಿಡುವ ಹಾರ್ಮೋನ್ ಮೂತ್ರ ಜಾಸ್ತಿ ಮಾಡುತ್ತದೆ. ಮೂತ್ರ ಹೋಗಿಸುವ ಮಾತ್ರೆಯೂ ಸೇರಿ ಮೂರು ಔಷಧಿ ಕೊಟ್ಟರೂ ಬಿಪಿ ಇಳಿಯದಿದ್ದರೆ ನಿದ್ದೆ ಬಗ್ಗೆ ಕೇಳಲೇಬೇಕು.

ಕೇಳುವಾಗ ಪಕ್ಕದಲ್ಲಿ ಮಲಗುವವರು ಇರಲಿ. ‘ಗೊರಕೆ ಹೊಡೆಯುತ್ತಾ ಇದ್ದಕ್ಕಿದ್ದಂತೆ ಸದ್ದೇ ಇಲ್ಲದ ಹಾಗೆ ಆಗಿ, ಆಮೇಲೆ ಗಕ್ ಅಂತ ಉಸಿರೆಳೆದುಕೊಳ್ತಾರಾ?’ ಅಂದರೆ ಸಾಕು, ಮಿಕ್ಕಿದ್ದನ್ನು ಅವರೇ ಹೇಳುತ್ತಾರೆ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ತರಲು ಹೇಳಿ. 10 ಸೆಕೆಂಡ್ ಉಸಿರು ನಿಂತರೂ ಅದು ಅಪ್ನಿಯಾ ಲೆಕ್ಕಕ್ಕೆ ಬರುತ್ತದೆ.

ಸ್ಟಾಪ್-ಬ್ಯಾಂಗ್ ಅಂತ ಅಪ್ನಿಯಾ ಸಾಧ್ಯತೆ ಅಂದಾಜು ಮಾಡುವ ಪ್ರಶ್ನಾವಳಿ ಇದೆ. ಅದರ 8 ಪ್ರಶ್ನೆಗಳಿಗೆ ಒಂದು ಟೇಪ್, ಒಂದು ತೂಕದ ಯಂತ್ರ ಇದ್ದರೆ ಆಯಿತು. ಒಂದು ‘ಹೌದು’ಗೆ ಒಂದು ಅಂಕ, 5 ಅಥವಾ ಹೆಚ್ಚು ಬಂದರೆ ಕಳಿಸಿ. ಆದರೆ ಗಂಡಸಾಗಿದ್ದರೆ ಅದರಲ್ಲಿ ಒಂದು ಅಂಕ ಹಾಗೇ ಸಿಗುತ್ತದೆ. ಹೆಂಗಸರು ಗೊರಕೆ ವಿಷಯ ಬಾಯಿಬಿಡುವುದೂ ಕಮ್ಮಿ, ‘ನಿದ್ದೆ ಬರಲ್ಲ, ಶಕ್ತಿ ಇಲ್ಲ’ ಅನ್ನುತ್ತಾರೆ. ಹಾಗಾಗಿ ಹೆಂಗಸರಲ್ಲಿ ಅಂಕ ಕಮ್ಮಿ ಬಂತೆಂದು ಬಿಡಬೇಡಿ. ಥೈರಾಯ್ಡ್ ಕೂಡ ನೋಡಿ.

ಇನ್ನೊಬ್ಬರು: ಹಗಲು ನಿದ್ದೆ ಎಷ್ಟು ಎಳೆಯುತ್ತದೆ ಅಂತ ಅಳೆಯುವ ಎಪ್‌ವರ್ತ್ ಪ್ರಶ್ನೆಗಳು ನನಗೆ ಅಷ್ಟು ಒದಗಿಲ್ಲ. ಓದುವಾಗ ತೂಕಡಿಸ್ತೀರಾ, ಕಾರಿನಲ್ಲಿ ಕೂತಾಗ ತೂಕಡಿಸ್ತೀರಾ ಅಂತ ಕೇಳುತ್ತದೆ. ಇಡೀ ದಿನ ಹೊಲದಲ್ಲಿ ನಿಂತು ದುಡಿಯುವವರಿಗೆ ತೂಕಡಿಸಲು ಪುರುಸೊತ್ತೆಲ್ಲಿ? ‘ಕೆಲಸ ನಿಲ್ಲಿಸಿ ಕೂತರೆ ಕಣ್ಣು ಎಳೆಯುತ್ತಾ?’ ಅಂತ ಕೇಳುತ್ತೇನೆ.

ಪ್ರಶ್ನೆ ಕೇಳಿದವರು: ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಇದೆ. ಅದರಿಂದ ಏನಾದರೂ ತಿಳಿಯುತ್ತಾ?

ಉತ್ತರ: ಹಗಲು ಬೆರಳಿಗೆ ಸಿಕ್ಕಿಸಿ ನೋಡಿದರೆ ಅಪ್ನಿಯಾ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ರಾತ್ರಿಯಿಡೀ ರೆಕಾರ್ಡ್ ಮಾಡುವಂಥದ್ದು ಬೇಕು. ಗ್ರಾಫ್ ಗರಗಸದ ಹಲ್ಲಿನಂತೆ ಇಳಿದು ಏರುತ್ತಿದ್ದರೆ ಅನುಮಾನ ಗಟ್ಟಿ, ಬೇಗ ಕಳಿಸಿ. ಗ್ರಾಫ್ ಚೆನ್ನಾಗಿದ್ದರೂ ಕಾಯಿಲೆ ಇಲ್ಲ ಅಂತಲ್ಲ. ಕೆಲವರು ಆಕ್ಸಿಜನ್ ಇಳಿಯುವ ಮುಂಚೆಯೇ ಎಚ್ಚರವಾಗಿಬಿಡುತ್ತಾರೆ.

ತುಂಬಾ ದಪ್ಪ ಇದ್ದು ಹಗಲಲ್ಲೂ ಆಕ್ಸಿಜನ್ ಕಮ್ಮಿ ಇದ್ದರೆ ರಕ್ತದ ಬೈಕಾರ್ಬೊನೇಟ್ ನೋಡಿ. ಲೀಟರಿಗೆ 27 ಮಿಲಿಮೋಲ್ ಅಥವಾ ಜಾಸ್ತಿ ಬಂದರೆ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತಿರಬಹುದು. ಅಂಥವರಿಗೆ ಬರೀ ಆಕ್ಸಿಜನ್ ಕೊಟ್ಟು ಮನೆಗೆ ಕಳಿಸಿದರೆ ಅಪಾಯ. ಸಿಒಪಿಡಿ (ಉಸಿರಿನ ಕೊಳವೆಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದ್ದವರಲ್ಲೂ ಇದೇ ಭಯ.

ಮತ್ತೊಬ್ಬರು: ‘ನಿದ್ದೆ ಸರಿಯಿಲ್ಲ’ ಅಂದವರಿಗೆ ಆಲ್ಪ್ರಜೋಲಾಮ್‌ನಂಥ ನಿದ್ದೆ ಬರಿಸುವ ಮಾತ್ರೆ ಬರೆಯುವ ಮುಂಚೆ ಗೊರಕೆ ಕೇಳಿ. ಅದು, ಮದ್ಯ, ಎರಡೂ ಗಂಟಲ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಮಕ್ಕಳ ವಿಷಯವೇ ಬೇರೆ. ಬಾಯಿ ತೆರೆದು ಮಲಗುವ, ಹಾಸಿಗೆ ಒದ್ದೆ ಮಾಡುವ, ಪಾಠದಲ್ಲಿ ಗಮನ ಇಲ್ಲದ ಮಗು ಗೊರಕೆಯನ್ನೂ ಹೊಡೆಯುತ್ತಿದ್ದರೆ ಮೊದಲು ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂದಿನ ಗ್ರಂಥಿ) ನೋಡಿಸಿ.

ಇನ್ನೊಂದು ಉತ್ತರ: ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ಇಡುವ ಸಿಪ್ಯಾಪ್ ಯಂತ್ರ ಬರೆದುಕೊಟ್ಟಲ್ಲಿಗೆ ಮುಗಿಯಲಿಲ್ಲ. ಮಾಸ್ಕ್ ಸೋರುತ್ತದೆ, ಮೂಗು ಒಣಗುತ್ತದೆ, ಕರೆಂಟ್ ಹೋಗುತ್ತದೆ, ಯಂತ್ರ ಮೂಲೆ ಸೇರುತ್ತದೆ. ಮೊದಲ ಒಂದೆರಡು ವಾರದಲ್ಲೇ ಕರೆಸಿ ಮಾಸ್ಕ್ ಹಾಕಿಸಿ ನೋಡಿ. ರಾತ್ರಿ ಕನಿಷ್ಠ 4 ಗಂಟೆ ಹಾಕುತ್ತಾರಾ ಅಂತ ಕೇಳಿ. ಒಪ್ಪದವರಿಗೆ ಮಗ್ಗುಲಾಗಿ ಮಲಗುವುದು, ತೂಕ ಇಳಿಸುವುದು ಇದ್ದೇ ಇದೆ. ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಮಗ್ಗುಲು ಬದಲಿಸಿದರೇ ಸಾಕಷ್ಟು ಗುಣ ಕಾಣುತ್ತದೆ.

ಎಲ್ಲರನ್ನೂ ಒಟ್ಟಿಗೆ ಕಳಿಸಲು ಆಗದಿದ್ದರೆ ಟ್ರ್ಯಾಕ್ಟರ್, ಲಾರಿ, ಬಸ್ ಓಡಿಸುವವರನ್ನು ಮೊದಲು ಕಳಿಸಿ. ಓಡಿಸುವಾಗ ಕಣ್ಣು ಮುಚ್ಚಿಕೊಂಡು ಹೋಗಿದ್ದುಂಟಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ಚಿಕಿತ್ಸೆ ಶುರುವಾಗುವ ತನಕ ಗಾಡಿ ಮುಟ್ಟಬೇಡಿ ಅಂತ ಹೇಳಿ, ಚೀಟಿಯಲ್ಲೂ ಬರೆಯಿರಿ.