ವಾರ್ಡ್ ಸಭೆಯ ಬೇಡಿಕೆ ಪಟ್ಟಿಗೂ ಪಂಚಾಯಿತಿಯ ಕ್ರಿಯಾಯೋಜನೆಗೂ ಸಂಬಂಧ ಬರುವಂತೆ ಮಾಡುವುದು ಹೇಗೆ?

ಪ್ರಶ್ನೆ: ಹೊಳೆಯಾಚೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಒಂದು ಸಣ್ಣ ಗ್ರಾಮ ಪಂಚಾಯಿತಿ. ಆರು ತಿಂಗಳಿಗೊಮ್ಮೆ ನಡೆಯಬೇಕಾದ ವಾರ್ಡ್ ಸಭೆ ನಮ್ಮಲ್ಲಿ ಹೆಚ್ಚುಕಡಿಮೆ ತಪ್ಪದೆ ನಡೆಯುತ್ತದೆ. ಶಾಮಿಯಾನ, ಮೈಕು, ಚಹಾ, ಹಾಜರಿ ಪುಸ್ತಕದಲ್ಲಿ ಸಹಿ, ಯಾವುದಕ್ಕೂ ಕೊರತೆಯಿಲ್ಲ. ಜನ ಎದ್ದು ನಿಂತು ತಮ್ಮ ಕೇರಿಯ ಚರಂಡಿ, ಅಂಗನವಾಡಿಯ ಸೋರುವ ಮಾಡು, ಉರಿಯದ ಬೀದಿದೀಪ ಎಂದು ಒಂದೊಂದಾಗಿ ಹೇಳುತ್ತಾರೆ. ಎಲ್ಲವೂ ನಡಾವಳಿ ಪುಸ್ತಕಕ್ಕೆ ಏರುತ್ತದೆ. ಆದರೆ ಕಳೆದ ಸಲ ನಮ್ಮ ವಾರ್ಡಿನವರು ಮೊದಲ ಬೇಡಿಕೆಯಾಗಿ ಬರೆಸಿದ್ದು ಮಕ್ಕಳು ಶಾಲೆಗೆ ಹೋಗುವ ದಾರಿಯ ಕಾಲುಸಂಕವನ್ನು, ಅಂದರೆ ನಡೆದು ದಾಟುವ ಕಿರುಸೇತುವೆಯನ್ನು. ಪಂಚಾಯಿತಿ ವರ್ಷದಲ್ಲಿ ಕೈಗೊಳ್ಳುವ ಕಾಮಗಾರಿಗಳ ಪಟ್ಟಿಯಾದ ಕ್ರಿಯಾಯೋಜನೆಯಲ್ಲಿ ಬಂದದ್ದು ಯಾರೂ ಕೇಳದಿದ್ದ ಒಂದು ಸಿಸಿ (ಕಾಂಕ್ರೀಟ್) ರಸ್ತೆ. ಕಾರಣ ಕೇಳಿದರೆ ‘ಅನುದಾನ ಬಂದಿಲ್ಲ’ ಎಂಬ ಒಂದೇ ಉತ್ತರ.

ಖರ್ಚಿನ ತೀರ್ಮಾನದಲ್ಲಿ ಊರವರ ಮಾತು ನಡೆಯಬೇಕಾದರೆ ಕಾಯ್ದೆಯೇ ಬದಲಾಗಬೇಕೇ, ಅಥವಾ ಈಗಿರುವ ವ್ಯವಸ್ಥೆಯೊಳಗೇ ಮಾಡಬಹುದಾದದ್ದು ಏನಾದರೂ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಮಾಜಿ ಸದಸ್ಯೆ

‘ಅನುದಾನ ಬಂದಿಲ್ಲ’ ಎಂಬ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಪಂಚಾಯಿತಿಗೆ ಬರುವ ಹಣದ ಮೇಲೆ ಮೊದಲೇ ಚೀಟಿ ಅಂಟಿಸಿರುತ್ತಾರೆ. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ: ಅದರ ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಊರಿನ ಇಷ್ಟದಂತೆ ಬಳಸಬಹುದಾದದ್ದು ಉಳಿದ ಶೇ 40 ಮಾತ್ರ. 10 ಲಕ್ಷ ರೂಪಾಯಿ ಬಂದಿದೆ ಎಂದುಕೊಂಡರೆ, ನಿಮ್ಮ ಕಾಲುಸಂಕವೂ ಉಳಿದ ವಾರ್ಡುಗಳ ರಸ್ತೆ, ಮೋರಿಗಳೂ ಸ್ಪರ್ಧಿಸುವುದು 4 ಲಕ್ಷಕ್ಕಾಗಿ. ಇದರ ಜತೆಗೆ ಮನೆ ಕಂದಾಯ, ನೀರಿನ ಕರದಂತಹ ಸ್ವಂತ ಆದಾಯವಿದೆ. ಆದರೆ ನೀರುಗಂಟಿಗಳ ಸಂಬಳ, ವಿದ್ಯುತ್ ಬಿಲ್ಲು, ಪರಿಶಿಷ್ಟರ ಹಾಗೂ ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕಾದ ಪಾಲು ಕಳೆದ ಮೇಲೆ ಸಣ್ಣ ಪಂಚಾಯಿತಿಯ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ.

ಈ ಲೆಕ್ಕವನ್ನು ಸಭೆಯ ಮುಂದೆ ಇಡದೆ ‘ನಿಮಗೇನು ಬೇಕು ಹೇಳಿ’ ಎನ್ನುವುದೇ ನನ್ನ ದೃಷ್ಟಿಯಲ್ಲಿ ಎಲ್ಲ ಎಡವಟ್ಟಿನ ಮೂಲ. ಮೊತ್ತ ಗೊತ್ತಿಲ್ಲದ ಜನ ಕೇಳುತ್ತಲೇ ಹೋಗುತ್ತಾರೆ, ಪಟ್ಟಿ ಎಪ್ಪತ್ತೆಂಬತ್ತು ಬೇಡಿಕೆಗಳಿಗೆ ಬೆಳೆಯುತ್ತದೆ, ಆಮೇಲೆ ಅದರಲ್ಲಿ ಯಾವುದನ್ನು ಆರಿಸಿದರೂ ‘ಜನರೇ ಕೇಳಿದ್ದು’ ಎಂದು ಹೇಳಲು ಬರುತ್ತದೆ. ವಾರ್ಡ್ ಸಭೆಯು ಬೇಡಿಕೆಗಳಿಗೆ ಆದ್ಯತೆಯ ಕ್ರಮ ನಿಗದಿಪಡಿಸಿ ಗ್ರಾಮ ಸಭೆಗೆ ಕಳುಹಿಸಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿಯೇ ಇದೆ. ಆದ್ದರಿಂದ ಕಾಯ್ದೆ ಬದಲಾಗುವವರೆಗೆ ಕಾಯಬೇಕಿಲ್ಲ.

ಉತ್ತರ: ಪುಣೆವಾಸಿ

ನಾನು ಪುಣೆಯಲ್ಲಿ ನೆಲೆಸಿರುವುದರಿಂದ ಇಲ್ಲಿನ ಅನುಭವವನ್ನು ಸೇರಿಸುತ್ತೇನೆ. ಇಲ್ಲಿನ ಮಹಾನಗರ ಪಾಲಿಕೆಯು 2006ರಿಂದ ಬಜೆಟ್ಟಿಗೆ ಮುಂಚೆ ನಿವಾಸಿಗಳಿಂದ ಸಣ್ಣಪುಟ್ಟ ಕಾಮಗಾರಿಗಳ ಸಲಹೆಯನ್ನು ಅರ್ಜಿ ನಮೂನೆಯಲ್ಲಿ ಪಡೆಯುತ್ತ ಬಂದಿದೆ. ಕ್ರಮವೇನೋ ಒಳ್ಳೆಯದೇ. ಆದರೆ ಅರ್ಜಿ ತುಂಬುವವರು ಹೆಚ್ಚಾಗಿ ಹೌಸಿಂಗ್ ಸೊಸೈಟಿಗಳ ಓದುಬರಹ ಬಲ್ಲ ಜನ. ಪಕ್ಕದ ವಸತಿಯ ಕೂಲಿಕಾರರಿಗೆ ಹೀಗೊಂದು ಅವಕಾಶವಿದೆ ಎಂಬುದೇ ತಿಳಿದಿರುವುದಿಲ್ಲ. ಊರಿನ ಸಭೆಯಲ್ಲಿಯೂ ಗಟ್ಟಿ ದನಿಯವರ ಬೇಡಿಕೆಯೇ ಮೊದಲ ಸ್ಥಾನಕ್ಕೆ ಬಂದರೆ, ಅದನ್ನು ಜನರ ತೀರ್ಮಾನ ಎಂದು ಕರೆಯಬಹುದೇ ಎಂಬುದು ನನ್ನ ಅನುಮಾನ.

ಉತ್ತರ: ಅರ್ಥಶಾಸ್ತ್ರ ಮೇಷ್ಟ್ರು

ಪುಣೆಯ ಮಿತ್ರರ ಅನುಮಾನಕ್ಕೆ ಬ್ರೆಜಿಲ್ಲಿನ ಪೋರ್ಟೊ ಅಲೆಗ್ರೆ ನಗರದವರು ಕಂಡುಕೊಂಡ ಉತ್ತರ ನೋಡುವಂತಿದೆ. 1989ರಲ್ಲಿ, ವರ್ಕರ್ಸ್ ಪಾರ್ಟಿಯ ಒಲಿವಿಯೊ ದುತ್ರಾ ಮೇಯರ್ ಆಗಿದ್ದಾಗ, ಅಲ್ಲಿ ಬಜೆಟ್ಟನ್ನು ಜನರ ಸಭೆಗಳ ಮುಂದಿಡುವ ಪದ್ಧತಿ ಆರಂಭವಾಯಿತು. ನಗರವನ್ನು 16 ಪ್ರದೇಶಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ಸಭೆ ಸೇರಿಸಿ, ಪ್ರತಿನಿಧಿಗಳನ್ನು ಆರಿಸಿದರು. ಆದರೆ ಹಣ ಹಂಚಿದ್ದು ಬರಿಯ ಕೈ ಎಣಿಸಿ ಅಲ್ಲ. ಆ ಪ್ರದೇಶದವರು ಯಾವುದಕ್ಕೆ ಆದ್ಯತೆ ಕೊಟ್ಟಿದ್ದಾರೆ, ಅಲ್ಲಿನ ಜನಸಂಖ್ಯೆ ಎಷ್ಟು, ಆ ಸೌಲಭ್ಯದ ಕೊರತೆ ಎಷ್ಟಿದೆ ಎಂಬ ಮೂರಕ್ಕೂ ಅಂಕ ಕೊಟ್ಟು ಪಾಲು ನಿರ್ಧರಿಸಿದರು. ಒಳಚರಂಡಿಯೇ ಇಲ್ಲದ ಬಡಾವಣೆಗೆ, ಅಲ್ಲಿಂದ ಸಭೆಗೆ ಬಂದವರು ಕಡಿಮೆಯಿದ್ದರೂ, ಅಂಕ ಹೆಚ್ಚು. ಒಪ್ಪಿದ ಕಾಮಗಾರಿಗಳ ಪಟ್ಟಿಯನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಹಂಚುತ್ತಿದ್ದುದರಿಂದ, ಮರುವರ್ಷ ಅದನ್ನೇ ಹಿಡಿದು ಪ್ರಶ್ನಿಸಲು ಬರುತ್ತಿತ್ತು. 2004ರ ಚುನಾವಣೆಯಲ್ಲಿ ಆ ಪಕ್ಷ ನಗರದ ಅಧಿಕಾರ ಕಳೆದುಕೊಂಡ ಮೇಲೆ ಪದ್ಧತಿಯ ಕಸುವು ಕುಂದುತ್ತ ಬಂದು, 2017ರಲ್ಲಿ ಅದನ್ನು ತಡೆಹಿಡಿಯಲಾಯಿತು. ಆಳುವವರ ಮನಸ್ಸಿನ ಮೇಲೆ ನಿಂತ ಹಕ್ಕಿಗೆ ಆಯುಷ್ಯ ಅಷ್ಟೇ.

ಹಣದ ಲೆಕ್ಕವನ್ನು ಮೊದಲೇ ಸಭೆಯ ಮುಂದಿಡಬೇಕು ಎಂದು ಮಾಜಿ ಸದಸ್ಯೆಯವರು ಹೇಳಿದ ಮಾತಿಗೆ ನೆರೆಯ ಕೇರಳವೇ ಸಾಕ್ಷಿ. 1996ರಲ್ಲಿ ಅಲ್ಲಿ ಊರವರೇ ಸೇರಿ ಯೋಜನೆ ರೂಪಿಸುವ ಜನಕೀಯ ಯೋಜನೆ ಆರಂಭವಾದಾಗ ರಾಜ್ಯದ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸುವ ತೀರ್ಮಾನವಾಯಿತು. ಯಾವ ಪಂಚಾಯಿತಿಗೆ ಎಷ್ಟು ಎಂಬುದು ಅಲ್ಲಿ ರಾಜ್ಯ ಬಜೆಟ್ಟಿನ ನಾಲ್ಕನೇ ಅನುಬಂಧದಲ್ಲಿಯೇ ಅಚ್ಚಾಗಿ ಬರುತ್ತದೆ. ಅಂಕಿ ಮುಂದಿದ್ದಾಗ ಸಭೆಯ ಚರ್ಚೆ ‘ಇದೂ ಬೇಕು, ಅದೂ ಬೇಕು’ ಎಂಬಲ್ಲಿಂದ ‘ಇದೋ, ಅದೋ’ ಎಂಬಲ್ಲಿಗೆ ಬರುತ್ತದೆ.

ಪ್ರತಿಕ್ರಿಯೆ: ಹೊಳೆಯಾಚೆ

ಎಲ್ಲರಿಗೂ ಧನ್ಯವಾದಗಳು. ಆದರೆ ನಮ್ಮಲ್ಲಿ ಅನುದಾನ ಕಂತುಗಳಲ್ಲಿ, ಅದೂ ತಡವಾಗಿ ಬರುತ್ತದೆ. ಮೊತ್ತವನ್ನು ಸಭೆಗೆ ಮೊದಲೇ ತಿಳಿಸಿ ಎಂದರೆ ‘ನಮಗೇ ಗೊತ್ತಿಲ್ಲ’ ಎನ್ನುವುದಿಲ್ಲವೇ?

ಉತ್ತರ: ಮಾಜಿ ಸದಸ್ಯೆ

ಖಂಡಿತ ಹೇಳುತ್ತಾರೆ. ಆಗ ಹಿಂದಿನ ವರ್ಷ ಬಂದ ಮೊತ್ತವನ್ನೇ ಅಂದಾಜಾಗಿ ಇಟ್ಟುಕೊಂಡು ಆದ್ಯತೆ ಗುರುತಿಸೋಣ ಎಂದು ಒತ್ತಾಯಿಸಿ. ಪ್ರತಿ ಪಂಚಾಯಿತಿಯ ಯೋಜನೆ ಮತ್ತು ಖರ್ಚಿನ ವಿವರ ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತಿರುತ್ತದೆ. ಅದರ ಮುದ್ರಿತ ಪ್ರತಿಯನ್ನು ಸಭೆಗೆ ಒಯ್ಯಿರಿ. ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರ ಸುಮಾರಿಗೆ ಆರಂಭವಾಗುತ್ತದೆ, ಆದ್ದರಿಂದ ಮಾರ್ಚಿನಲ್ಲಿ ಹೋಗಿ ಕೇಳಿದರೆ ಪ್ರಯೋಜನವಿಲ್ಲ. ಕೈಬಿಟ್ಟ ಬೇಡಿಕೆಯ ಮುಂದೆ ಕಾರಣವನ್ನು ನಡಾವಳಿಯಲ್ಲಿ ಬರೆಯಲೇಬೇಕೆಂದು ಗ್ರಾಮ ಸಭೆಯಲ್ಲಿ ನಿರ್ಣಯ ಮಾಡಿಸಿ. ಪಂಚಾಯಿತಿಯ ಲೆಕ್ಕ ಮತ್ತು ಕಾಮಗಾರಿಗಳನ್ನು ಪರಿಶೀಲಿಸುವ ಜಮಾಬಂದಿಯ ದಿನ ಅದೇ ಪುಟವನ್ನು ತೆರೆಸಬಹುದು.

ಇನ್ನೊಂದು ಮಾತು. ಅಂದಾಜುಪಟ್ಟಿ ಇಲ್ಲದ ಬೇಡಿಕೆ ಅಂದಾಜುಪಟ್ಟಿ ಇರುವ ಬೇಡಿಕೆಯ ಎದುರು ಸೋಲುತ್ತದೆ, ಸಿಸಿ ರಸ್ತೆ ಗೆಲ್ಲುವುದು ಬಹಳ ಸಲ ಹೀಗೆಯೇ. ನಿಮ್ಮ ಕಾಲುಸಂಕದ ಅಳತೆ ತೆಗೆಸಿ ಎಂಜಿನಿಯರರಿಂದ ಅಂದಾಜು ಮಾಡಿಸಿದ್ದೀರಾ? ಇಲ್ಲವಾದರೆ ಸಭೆಗೆ ಮೊದಲು ಆ ಕೆಲಸಕ್ಕಾಗಿ ಪಂಚಾಯಿತಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.