ಸಹಾಯ ಬೇಕು: ಇಬ್ಬರ ತಕರಾರು ನಿಜವಾಗಿ ಯಾವುದರ ಮೇಲೆ?

ಡೊಂಬಿವಲಿ ಬಳಗದವರಿಗೆ ನಮಸ್ಕಾರ. ತರ್ಕದ ಪ್ರಶ್ನೆಯೊಂದು ಸಿಕ್ಕಿಕೊಂಡಿದೆ. ಇಬ್ಬರ ಮಾತು ಓದಿ, ಅವರು ನಿಜವಾಗಿ ಯಾವುದರ ಮೇಲೆ ಒಪ್ಪಲ್ಲ ಅಂತ ಆಯ್ಕೆಗಳಲ್ಲಿ ಒಂದನ್ನ ಆರಿಸಬೇಕು: 'ಟಿಕೆಟ್ ದುಬಾರಿ', 'ನೂಕುನುಗ್ಗಲು ಇಳಿಯುತ್ತೆ', 'ಎಸಿ ಲೋಕಲ್ (ಹವಾನಿಯಂತ್ರಿತ ಲೋಕಲ್ ರೈಲು) ಹೆಚ್ಚಿಸಬೇಕು'.

ಸುಧಾ: "ಎಸಿ ಲೋಕಲ್ ಹೆಚ್ಚಿಸಬೇಕು, ನೂಕುನುಗ್ಗಲು ಇಳಿಯುತ್ತೆ."
ಗಿರೀಶ: "ಟಿಕೆಟ್ ದುಬಾರಿ. ಜನ ಸಾದಾ ಗಾಡಿಗೇ ಮುಗಿಬೀಳ್ತಾರೆ, ನೂಕುನುಗ್ಗಲು ಇಳಿಯಲ್ಲ."

ಪ್ರತಿ ಆಯ್ಕೆಗೂ ಇಬ್ಬರ ಹೆಸರಿನ ಮುಂದೆ 'ಹೌದು', 'ಇಲ್ಲ', 'ಹೇಳಿಲ್ಲ' ಅಂತ ಗುರುತು ಹಾಕ್ತೀನಿ. ಒಬ್ಬರದು ಹೌದು, ಇನ್ನೊಬ್ಬರದು ಇಲ್ಲ ಬಂದದ್ದೇ ಉತ್ತರ. 'ಟಿಕೆಟ್ ದುಬಾರಿ' ಬಿದ್ದುಹೋಯ್ತು, ಸುಧಾ ದರದ ಮಾತೇ ಎತ್ತಿಲ್ಲ (ಬಹಳ ಜನ ಜಾರೋದು ಇಲ್ಲೇ). 'ನೂಕುನುಗ್ಗಲು ಇಳಿಯುತ್ತೆ' ಸರಿಯಾಗಿ ಕೂರುತ್ತೆ.

ತೊಡಕು 'ಎಸಿ ಲೋಕಲ್ ಹೆಚ್ಚಿಸಬೇಕು' ಅನ್ನೋದರಲ್ಲಿ. ಗಿರೀಶ ಸುಧಾ ಕೊಟ್ಟ ಕಾರಣವನ್ನಷ್ಟೇ ಅಲ್ಲಗಳೆದ. ಎಸಿ ಬೇಡ ಅಂದಿಲ್ಲ, ಸೆಕೆಗಾದರೂ ಇರಲಿ ಅಂದಾನು. ಅದಕ್ಕೇ ಅವನ ಹೆಸರಿನ ಮುಂದೆ 'ಹೇಳಿಲ್ಲ' ಅಂತ ಹಾಕಿದೆ. ಇಲ್ಲಿ 'ಇಲ್ಲ' ಅಂತ ಓದೋದಾದರೆ ಅವನ ಯಾವ ಪದ ಆಧಾರ? ಬಲ್ಲವರು ಪದ ತೋರಿಸಿ ಹೇಳಿ.