ಗುನುಗಿನ ಬಗ್ಗೆ ಇಎನ್‌ಟಿ ಡಾಕ್ಟರಿಗೆ ಕೇಳಿ: ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. "ಬಾಯಿ ಮುಚ್ಚಿ ದಿನಕ್ಕೆ ಒಂದು ಗಂಟೆ ಗುನುಗಿ, ನಾಲ್ಕೇ ದಿನದಲ್ಲಿ ಸೈನಸ್ ಮಾಯ" ಅನ್ನೋ ಮೆಸೇಜು ಈ ವಾರ ಗುಂಪಿನಲ್ಲಿ ಮತ್ತೆ ಮತ್ತೆ ಬಂತು. ಹಾಗಾಗಿ ನಮ್ಮ ಸದಸ್ಯೆಯೇ ಆದ ಇಎನ್‌ಟಿ ಡಾಕ್ಟರನ್ನ ಕೇಳಿಕೊಂಡೆವು, ಒಪ್ಪಿದ್ದಾರೆ. ಗುನುಗು, ದನಿ, ಮೂಗು, ಕಿವಿ, ಇಷ್ಟರ ಬಗ್ಗೆ ಮಾತ್ರ ಕೇಳಿ. ಒಬ್ಬರಿಗೆ ಒಂದು ಪ್ರಶ್ನೆ.

ಗಾನಪ್ರಿಯ: ಮೇಡಂ, ಗುನುಗುವಾಗ ಬಾಯಿ ಮುಚ್ಚೇ ಇರುತ್ತೆ. ಆದರೂ ಸದ್ದು ಬರುತ್ತೆ. ಮೂಗು ಹಿಡಿದರೆ ತಕ್ಷಣ ನಿಂತುಹೋಗುತ್ತೆ. ಯಾಕೆ?

ಡಾಕ್ಟರ್: ಸದ್ದು ಹುಟ್ಟೋದು ಮಾತಿನ ಸದ್ದು ಹುಟ್ಟೋ ಜಾಗದಲ್ಲೇ, ಗಂಟಲಿನ ಧ್ವನಿತಂತುಗಳಲ್ಲಿ. ಮಾತಾಡೋ ದನಿಯಲ್ಲಿ ಅವು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ತುಟಿ ಮುಚ್ಚಿ ಗುನುಗುವಾಗ ಅಂಗುಳಿನ ಹಿಂಭಾಗ, ಅಂದರೆ ಕಿರುನಾಲಿಗೆ ನೇತಾಡೋ ಮೆತ್ತನೆ ಭಾಗ, ಕೆಳಗಿಳಿದು ಗಾಳಿಗೆ ಮೂಗಿನ ದಾರಿ ತೆರೆಯುತ್ತೆ. ಮೂಗನ್ನೂ ಹಿಡಿದರೆ ಗಾಳಿ ಹೋಗೋದೆಲ್ಲಿಗೆ? ತಂತುಗಳ ಕೆಳಗೂ ಮೇಲೂ ಒತ್ತಡ ಒಂದೇ ಸಮ ಆಗುತ್ತೆ, ಗಾಳಿಯ ಹರಿವು ನಿಲ್ಲುತ್ತೆ, ಕಂಪನವೂ ನಿಲ್ಲುತ್ತೆ.

ಸಂಜೆಮಲ್ಲಿಗೆ: ನಂಗೆ ಐದಾರು ವರ್ಷದಿಂದ ಸೈನಸ್ ಇದೆ ಮೇಡಂ. ಆ ಮೆಸೇಜಿನಲ್ಲಿ ವಿದೇಶದ ಸಂಶೋಧನೆ ಅಂತ ಬರೆದಿದ್ದರು. ನಿಜಾನಾ?

ಡಾಕ್ಟರ್: ಸಂಶೋಧನೆ ನಿಜ, ಅದರಿಂದ ಇವರು ಹೊರಡಿಸಿದ ತೀರ್ಮಾನ ನಿಜ ಅಲ್ಲ. ನಮ್ಮ ಸೈನಸ್ಸುಗಳಲ್ಲಿ, ಅಂದರೆ ಮೂಗಿನ ಸುತ್ತಲ ಮೂಳೆಗಳೊಳಗಿನ ಗಾಳಿ ತುಂಬಿದ ಪೊಳ್ಳುಗಳಲ್ಲಿ, ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಉತ್ಪತ್ತಿ ಆಗ್ತಾ ಇರುತ್ತೆ. 2002ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ವೈದ್ಯಕೀಯ ಸಂಸ್ಥೆಯ ವೈಟ್ಜ್‌ಬರ್ಗ್ ಮತ್ತು ಲುಂಡ್‌ಬರ್ಗ್ ಇಬ್ಬರೂ ಸುಮ್ಮನೆ ಮೂಗಿನಿಂದ ಉಸಿರು ಬಿಡೋದನ್ನ ಗುನುಗುತ್ತಾ ಬಿಡೋದರ ಜೊತೆ ಹೋಲಿಸಿದರು. ಗುನುಗಿದಾಗ ಹೊರಬಂದ ಆ ಅನಿಲ ಸುಮಾರು 15 ಪಟ್ಟು ಹೆಚ್ಚಿತ್ತು. ಕಂಪನಕ್ಕೆ ಸೈನಸ್ಸಿನೊಳಗಿನ ಗಾಳಿ ಅಲುಗಿ, ಸಣ್ಣ ರಂಧ್ರಗಳ ಮೂಲಕ ಮೂಗಿಗೆ ಬರುತ್ತೆ. ಬೆನ್ನುಬೆನ್ನಿಗೆ ಗುನುಗುತ್ತಾ ಹೋದರೆ ಪ್ರಮಾಣ ಇಳಿಯುತ್ತೆ, ಯಾಕೆಂದರೆ ಒಳಗೆ ಶೇಖರಣೆ ಆಗಿದ್ದು ಖಾಲಿ ಆಗಿರುತ್ತೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮತ್ತೆ ತುಂಬಿಕೊಳ್ಳುತ್ತೆ.

ಈಗ ಫಾರ್ವರ್ಡು ಮಾಡುವವರು ಮುಚ್ಚಿಡೋ ಭಾಗ. ಆ ರಂಧ್ರಗಳು ಊತದಿಂದ, ಮೂಗಿನೊಳಗೆ ಬೆಳೆಯೋ ಮೆತ್ತನೆ ಗಂಟಾದ ಪಾಲಿಪ್‌ನಿಂದ ಮುಚ್ಚಿಹೋಗಿದ್ದರೆ ಗುನುಗಿದರೂ ಈ ಏರಿಕೆ ಕಾಣೋದಿಲ್ಲ. ಅಂದರೆ ಯಾರಿಗೆ ಕಾಯಿಲೆ ಜೋರಾಗಿದೆಯೋ ಅವರಿಗೇ ಇದು ತಲುಪೋದಿಲ್ಲ. ಇನ್ನು "ಒಂದು ಗಂಟೆ, ನಾಲ್ಕು ದಿನ" ಬಂದಿರೋದು 2006ರಲ್ಲಿ ಅಚ್ಚಾದ ಒಂದು ವರದಿಯಿಂದ. ಅದು ಒಬ್ಬೇ ಒಬ್ಬ ವ್ಯಕ್ತಿಯ ಅನುಭವ. ಒಬ್ಬರಿಗೆ ಹಾಗಾಯ್ತು ಅನ್ನೋದು ಚಿಕಿತ್ಸೆ ಅಲ್ಲ. ಗುನುಗಿ, ತೊಂದರೆ ಇಲ್ಲ. ಕೊಟ್ಟಿರೋ ಮೂಗಿನ ಸ್ಪ್ರೇ ಬಿಟ್ಟು ಗುನುಗಬೇಡಿ.

ಬೆಳ್ಳಿಚುಕ್ಕಿ: ಮೇಡಂ ಸೈನಸ್ಸಿಗೆ ಗುನುಗಿದರೆ ಒಳ್ಳೇದಂತಲ್ಲ, ಎಷ್ಟು ನಿಮಿಷ ಮಾಡಬೇಕು?

ಡಾಕ್ಟರ್: ಮೇಲೆ ಬರೆದಿದ್ದೀನಿ, ಓದಿ.

ಹಳೇ ಮೇಷ್ಟ್ರು: ನಮಸ್ಕಾರ. ಪಾಠ ಮಾಡಿ ಮಾಡಿ ದನಿ ಒಡೆದಿದೆ. ಎರಡು ತಿಂಗಳಾಯ್ತು. ಗುನುಗಿದರೆ ದನಿ ಸರಿಹೋಗುತ್ತೆ ಅಂತ ಸಂಗೀತದವರೊಬ್ಬರು ಹೇಳಿದರು. ಮಾಡ್ತಾ ಇದ್ದೀನಿ.

ಡಾಕ್ಟರ್: ಸರ್, ಮೆತ್ತಗೆ ಗುನುಗೋದು ದನಿಚಿಕಿತ್ಸೆಯಲ್ಲಿ ನಿಜಕ್ಕೂ ಬಳಕೆಯಲ್ಲಿದೆ. ಬಾಯಿ ಮುಚ್ಚಿರೋದರಿಂದ ತಂತುಗಳ ಮೇಲೆ ಸ್ವಲ್ಪ ಹಿಂದೊತ್ತಡ ಬೀಳುತ್ತೆ, ಅವು ಕಡಿಮೆ ಹೊಡೆತಕ್ಕೆ ಸರಾಗವಾಗಿ ಕಂಪಿಸುತ್ತವೆ. ಸ್ಟ್ರಾದಲ್ಲಿ ಊದುತ್ತಾ ದನಿ ಮಾಡಿಸೋದೂ ಇದೇ ಕಾರಣಕ್ಕೆ. ತುಟಿ ಮೇಲೆ, ಮೂಗಿನ ಬುಡದಲ್ಲಿ ಜುಮ್ಮೆನ್ನಬೇಕು, ಗಂಟಲಲ್ಲಿ ಬಿಗಿ ಇರಬಾರದು. ಆದರೆ ಇದೆಲ್ಲ ತಂತು ಹೇಗಿದೆ ಅಂತ ನೋಡಿದ ಮೇಲೆ. ನಾಲ್ಕು ವಾರ ದಾಟಿದ ಒಡಕು ದನಿಗೆ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಲೇಬೇಕು. ಬೀಡಿ ಸಿಗರೇಟು ಅಭ್ಯಾಸ ಇದ್ದರೆ, ಕತ್ತಲ್ಲಿ ಗಂಟಿದ್ದರೆ, ನುಂಗೋಕೆ ಕಷ್ಟ ಆದರೆ, ಕಫದಲ್ಲಿ ರಕ್ತ ಬಂದರೆ ನಾಲ್ಕು ವಾರವೂ ಕಾಯಬಾರದು. ನಿಮಗೆ ಎರಡು ತಿಂಗಳಾಗಿದೆ. ಈ ವಾರವೇ ತೋರಿಸಿ. ಅಲ್ಲಿವರೆಗೂ ಪಿಸುಮಾತು ಬೇಡ, ಅದು ವಿಶ್ರಾಂತಿ ಅಲ್ಲ.

ಮೌನರಾಗ: ನಮ್ಮ ತಂದೆಗೆ 74. ಮೊದಲು ಹಾಡೋ ಅಭ್ಯಾಸವೇ ಇರಲಿಲ್ಲ. ಈಚೆಗೆ ದಿನವಿಡೀ ಒಂದೇ ಸ್ವರ ಗುನುಗುತ್ತಾರೆ, ನಿಲ್ಲಿಸಿ ಅಂದರೆ ಗೊತ್ತೇ ಆಗಲ್ಲ. ಇದು ವಯಸ್ಸಿನ ಗುಣಾನಾ ಡಾಕ್ಟ್ರೇ?

ಇಬ್ಬನಿ: ಮೇಡಂ, ನನ್ನದು ಗುನುಗಿಗೆ ಸಂಬಂಧಿಸಿದ್ದಲ್ಲ, ಕ್ಷಮಿಸಿ. ಶನಿವಾರ ಬೆಳಿಗ್ಗೆ ಎದ್ದಾಗಿಂದ ಎಡಗಿವಿ ಕಟ್ಟಿದ ಹಾಗಿದೆ. ಒಳಗೆ ಗುಂಯ್ ಅಂತ ಸದ್ದು. ಶೀತ ಇಲ್ಲ, ನೋವಿಲ್ಲ. ಗುಗ್ಗೆ ಇರಬೇಕು ಅಂತ ಬಿಸಿ ಎಣ್ಣೆ ಹಾಕೋಣ ಅಂತಿದ್ದೆ. ಹಾಕಬಹುದಾ?

ಡಾಕ್ಟರ್: ಹಾಕಬೇಡಿ. ಈಗ ಸದ್ದಿಲ್ಲದ ಕೋಣೆಯಲ್ಲಿ ಕೂತು, ಬಾಯಿ ಮುಚ್ಚಿ, ತಗ್ಗಿನ ಸ್ವರದಲ್ಲಿ ಗುನುಗಿ. ಸದ್ದು ಯಾವ ಕಿವಿಯಲ್ಲಿ ಜೋರಾಗಿ ಕೇಳುತ್ತೆ? ಎರಡು ಸಲ ಮಾಡಿ ನೋಡಿ ಹೇಳಿ.

ಇಬ್ಬನಿ: ಬಲಗಡೆ ಮೇಡಂ. ಎಡಗಡೆ ಏನೂ ಇಲ್ಲ ಅನ್ನೋ ಹಾಗೆ. ಫೋನನ್ನೂ ಎರಡು ದಿನದಿಂದ ಬಲಗಿವಿಗೇ ಇಟ್ಟುಕೊಳ್ತಿದ್ದೀನಿ.

ಡಾಕ್ಟರ್: ಇವತ್ತೇ ಹೋಗಬೇಕು. ಯಾಕೆ ಅಂತ ಪೂರ್ತಿ ಬರೀತೀನಿ, ಉಳಿದವರೂ ಓದಿ.

ನಿಮ್ಮ ಒಂದು ಕಿವಿಗೆ ಬೆರಳಿಟ್ಟು ಗುನುಗಿ ನೋಡಿ. ಸದ್ದು ಬೆರಳಿಟ್ಟ ಕಡೆಗೇ ವಾಲುತ್ತೆ. ಗುನುಗಿನ ಕಂಪನ ತಲೆಬುರುಡೆಯ ಮೂಳೆಯ ಮೂಲಕ ಎರಡೂ ಒಳಗಿವಿಗೆ ಮುಟ್ಟುತ್ತೆ. ಕಿವಿಯ ಬಾಗಿಲು ಮುಚ್ಚಿದ್ದರೆ ಆ ಕಂಪನ ಹೊರಗೆ ಸೋರದೆ ಒಳಗೇ ಉಳಿಯುತ್ತೆ, ಹೊರಗಿನ ಗದ್ದಲವೂ ಅಡ್ಡ ಬರೋದಿಲ್ಲ. ಗುಗ್ಗೆ ತುಂಬಿದ ಕಿವಿಯೂ ಬೆರಳಿಟ್ಟ ಕಿವಿಯ ಹಾಗೇ, ಕಟ್ಟಿದ ಕಡೆಯೇ ಗುನುಗು ಜೋರು. ನಿಮಗೆ ತಿರುಗುಮುರುಗು ಆಗಿದೆ. ಕಟ್ಟಿದೆ ಅನ್ನಿಸೋ ಕಿವಿಯಲ್ಲಿ ಇಲ್ಲ, ಚೆನ್ನಾಗಿರೋ ಕಿವಿಯಲ್ಲಿ ಜೋರು. ಅಂದರೆ ತೊಂದರೆ ಬಾಗಿಲಲ್ಲಿ ಇರಲಾರದು. ಒಳಗಿವಿಯಲ್ಲೋ ನರದಲ್ಲೋ ಇರಬಹುದು. ನಾವು 512 ಹರ್ಟ್ಸ್ ಶ್ರುತಿಕವೆಯನ್ನ, ಅಂದರೆ ತಟ್ಟಿದರೆ ಒಂದೇ ಸ್ವರದಲ್ಲಿ ಕಂಪಿಸೋ ಕವಲು ಕಡ್ಡಿಯನ್ನ, ಹಣೆಗೆ ಇಟ್ಟು ಮಾಡೋ ವೆಬರ್ ಪರೀಕ್ಷೆಯ ತತ್ವವೂ ಇದೇ.

ಮೂರು ದಿನದೊಳಗೆ ಒಂದು ಕಿವಿ ಹೀಗೆ ಮಂದವಾದರೆ ಅದನ್ನ ಹಠಾತ್ ನರಸಂಬಂಧಿ ಕಿವುಡು ಅಂತ ಕರೀತೀವಿ. ಬಹುಪಾಲು ಜನರಲ್ಲಿ ಕಾರಣವೇ ಸಿಗೋದಿಲ್ಲ. ಕೆಲವರಿಗೆ ತಾನಾಗಿ ವಾಪಸ್ ಬರುತ್ತೆ, ಆದರೆ ಯಾರಿಗೆ ಬರುತ್ತೆ ಅಂತ ಮೊದಲೇ ಹೇಳೋಕೆ ಆಗೋದಿಲ್ಲ. ಸ್ಟೀರಾಯ್ಡ್ ಕೊಡೋದಿದ್ದರೆ ಮೊದಲ ಎರಡು ವಾರದೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೇದು. ಇದಕ್ಕೇ ನನಗೆ ಎಣ್ಣೆಯ ಮೇಲೆ ಸಿಟ್ಟು. ಒಂದು ವಾರ ಎಣ್ಣೆ, ಇನ್ನೊಂದು ವಾರ ಡ್ರಾಪ್ಸು, "ಗುಗ್ಗೆ ಕರಗ್ತಾ ಇದೆ" ಅಂತ ಕಾದು, ಮೂರನೇ ವಾರಕ್ಕೆ ನಮ್ಮ ಹತ್ತಿರ ಬರ್ತಾರೆ. ಅಷ್ಟರಲ್ಲಿ ಸಮಯ ಹೋಗಿರುತ್ತೆ.

ಆಸ್ಪತ್ರೆಗೆ ಹೋಗಿ "ಶನಿವಾರದಿಂದ ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳ್ತಾ ಇಲ್ಲ" ಅನ್ನಿ. "ಕಟ್ಟಿದೆ" ಅಂದರೆ ಕಾಯಿಸುತ್ತಾರೆ. ಕಿವಿಯೊಳಗೆ ನೋಡಿ, ಆಡಿಯೋಗ್ರಾಮ್, ಅಂದರೆ ಎಷ್ಟು ಕೇಳುತ್ತೆ ಅಂತ ಅಳೆಯೋ ಪರೀಕ್ಷೆ, ಮಾಡಿಸಬೇಕು. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಮೊದಲೇ ಹೇಳಿ. ಮಾತ್ರೆ ನೀವಾಗೇ ಕೊಂಡು ನುಂಗಬೇಡಿ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ನಿಲ್ಲೋಕಾಗದಷ್ಟು ತಲೆ ತಿರುಗಿದರೆ ನೇರ ತುರ್ತು ವಿಭಾಗಕ್ಕೆ. ಗುನುಗಿ ನೋಡಿದ್ದು ಬರೀ ಸೂಚನೆ, ಅದು ತಪ್ಪಾಗಿ ಗುಗ್ಗೆಯೇ ಇದ್ದರೆ ಸಂತೋಷ. ಆದರೆ ನೋಡಿಸಿದ ಮೇಲೆ ಸಂತೋಷ ಪಡೋಣ.

ಇಬ್ಬನಿ: ನಾಳೆ ಆಫೀಸಿನಲ್ಲಿ ಆಡಿಟ್ ಇದೆ ಮೇಡಂ. ನಾಡಿದ್ದು ಹೋದರೆ ಆಗಲ್ವಾ?

ಡಾಕ್ಟರ್: ಆಗಲ್ಲ. ಇವತ್ತು.

ಜೇನುಗೂಡು: ಸುಮ್ಮನೆ ಹೆದರಿಸಬೇಡಿ. ನನಗೂ ಹೀಗೇ ಕಿವಿ ಕಟ್ಟಿತ್ತು. ಎರಡು ಹನಿ ಬಿಸಿ ಎಣ್ಣೆ, ಬೆಳಿಗ್ಗೆ ಸಂಜೆ ಗುನುಗುತ್ತಾ ಮಾಡೋ ಭ್ರಾಮರಿ ಪ್ರಾಣಾಯಾಮ. ಮೂರೇ ದಿನಕ್ಕೆ ಟಪ್ ಅಂತ ಬಿಟ್ಟುಕೊಂಡಿತು. ಗುನುಗಿದರೆ ವೇಗಸ್ ನರ ಜಾಗೃತ ಆಗುತ್ತೆ, ಎಲ್ಲ ಕಾಯಿಲೆಗೂ ಮೂಲ ಅಲ್ಲೇ ಇರೋದು.

ಗಾನಪ್ರಿಯ: ನಿಮಗೆ ಗುಗ್ಗೆ ಇತ್ತು, ಬಿಟ್ಟುಕೊಂಡಿತು. ಅವರದ್ದು ಬೇರೆ ಅಂತ ಅಷ್ಟುದ್ದ ಬರೆದಿದ್ದಾರಲ್ಲ, ಓದಿದ್ರಾ?

ಜೇನುಗೂಡು: ಓದಿದೆ. ಎಲ್ಲದಕ್ಕೂ ಸ್ಟೀರಾಯ್ಡ್. ಅದರ ದುಷ್ಪರಿಣಾಮ ಯಾರು ಅನುಭವಿಸ್ತಾರೆ?

ಗಾನಪ್ರಿಯ: ಕಿವಿ ಹೋದರೆ ಅದನ್ನ ಯಾರು ಅನುಭವಿಸ್ತಾರೆ?

ಬೆಳ್ಳಿಚುಕ್ಕಿ: ದಯವಿಟ್ಟು ಜಗಳ ಬೇಡ. ಮೇಡಂ, ವೇಗಸ್ ವಿಷಯ ನಿಜಾನಾ?

ಡಾಕ್ಟರ್: ವೇಗಸ್ ಅಂದರೆ ಮೆದುಳಿನಿಂದ ಗಂಟಲು, ಹೃದಯ, ಹೊಟ್ಟೆವರೆಗೂ ಇಳಿಯೋ ನರ. ಧ್ವನಿತಂತುಗಳನ್ನ ಆಡಿಸೋ ನರಗಳು ವೇಗಸ್‌ನ ಕವಲುಗಳು, ಅದು ನಿಜ. ಉಸಿರನ್ನ ನಿಧಾನವಾಗಿ, ಉದ್ದಕ್ಕೆ ಬಿಟ್ಟಾಗ ಹೃದಯದ ಬಡಿತ ಸ್ವಲ್ಪ ಇಳಿಯುತ್ತೆ, ಮನಸ್ಸಿಗೆ ಸಮಾಧಾನ ಆಗುತ್ತೆ. ಗುನುಗುವಾಗ ಉಸಿರು ತಾನಾಗೇ ಉದ್ದ ಆಗುತ್ತೆ. ಅಷ್ಟೇ. "ಎಲ್ಲ ಕಾಯಿಲೆಗೂ ಮೂಲ" ಅನ್ನೋದು ಸುಳ್ಳು. ಜೇನುಗೂಡು ಅವರೇ, ಒಂದು ಕಿವಿ ಹೋಗ್ತಾ ಇರೋರಿಗೆ ಎಣ್ಣೆ ಹೇಳಬೇಡಿ. ಇದನ್ನ ಎರಡನೇ ಸಲ ಹೇಳಿಸಬೇಡಿ.

ಮನೆಯೊಡತಿ: ನನಗೆ ಥೈರಾಯ್ಡ್ ಆಪರೇಷನ್ ಆಗಿ ಆರು ತಿಂಗಳು. ಮಾತು ಸರಿ ಇದೆ, ಎಲ್ಲರೂ ಮೊದಲಿನ ಹಾಗೇ ಇದೆ ಅಂತಾರೆ. ಆದರೆ ಕೆಲಸ ಮಾಡ್ತಾ ಗುನುಗೋ ಅಭ್ಯಾಸ ನನ್ನದು, ಮೇಲಿನ ಸ್ವರಕ್ಕೆ ಹೋದರೆ ದನಿ ಹತ್ತೋದೇ ಇಲ್ಲ, ಗಾಳಿ ಮಾತ್ರ ಬರುತ್ತೆ. ಆಪರೇಷನ್ ಮಾಡಿದವರು ತಂತು ಚೆನ್ನಾಗಿ ಆಡ್ತಾ ಇದೆ ಅಂದರು. ನನ್ನ ಭ್ರಮೆನಾ?

ಡಾಕ್ಟರ್: ಭ್ರಮೆ ಅಲ್ಲಮ್ಮ. ಒಳ್ಳೆ ಗಮನ ನಿಮ್ಮದು. ತಂತುಗಳನ್ನ ತೆರೆದು ಮುಚ್ಚೋ ನರ ಬೇರೆ, ಅವನ್ನ ಎಳೆದು ಬಿಗಿ ಮಾಡಿ ಸ್ವರ ಏರಿಸೋ ನರ ಬೇರೆ. ಈ ಎರಡನೆಯದು ತೆಳು ಕವಲು, ಥೈರಾಯ್ಡಿನ ಮೇಲ್ತುದಿಯ ರಕ್ತನಾಳದ ಪಕ್ಕದಲ್ಲೇ ಹಾದುಹೋಗುತ್ತೆ. ಅದಕ್ಕೆ ಪೆಟ್ಟಾದರೆ ಮಾತಿನಲ್ಲಿ ಹೆಚ್ಚು ಗೊತ್ತಾಗೋದಿಲ್ಲ, ತಂತು ಆಡೋದೂ ಸರಿಯಾಗೇ ಕಾಣಬಹುದು. ಏರು ಸ್ವರ, ಕೂಗಿ ಕರೆಯೋ ದನಿ ಹೋಗುತ್ತೆ. ಗುನುಗೋರಿಗೆ, ಹಾಡೋರಿಗೆ ಬೇಗ ತಿಳಿಯುತ್ತೆ. ಸ್ಟ್ರೋಬೋಸ್ಕೋಪಿ, ಅಂದರೆ ಮಿನುಗೋ ಬೆಳಕಿನಲ್ಲಿ ತಂತುಗಳ ಕಂಪನ ನೋಡೋ ಪರೀಕ್ಷೆ, ಮಾಡಿಸಿ, ನೋಡುವಾಗ ಸ್ವರ ಏರಿಸಿ ಗುನುಗುತ್ತೀನಿ ಅಂತ ನೀವೇ ಹೇಳಿ. ಖಚಿತ ಆಗಬೇಕಿದ್ದರೆ ಆ ಸ್ನಾಯುವಿನ ಇಎಂಜಿ, ಅಂದರೆ ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯೋ ಪರೀಕ್ಷೆ, ಇದೆ. ದನಿಚಿಕಿತ್ಸಕರ ಹತ್ತಿರ ಈಗಲೇ ಶುರುಮಾಡಿ. ಒಬ್ಬರೇ ಕೂತು ಮೇಲಿನ ಸ್ವರಕ್ಕೆ ಒತ್ತಾಯ ಮಾಡಬೇಡಿ, ಗಂಟಲು ಬಿಗಿಹಿಡಿದು ಹೊಸ ತೊಂದರೆ ಆಗುತ್ತೆ.

ಸಂಜೆಮಲ್ಲಿಗೆ: ನಮ್ಮ ಯಜಮಾನರು ನಿದ್ದೆಯಲ್ಲಿ ಉದ್ದಕ್ಕೆ ಗುನುಗುತ್ತಾರೆ, ಬೆಳಗಿನ ಜಾವ ಜಾಸ್ತಿ. ಎಬ್ಬಿಸಿದರೆ ನೆನಪೇ ಇಲ್ಲ.

ಅಡ್ಮಿನ್: ಒಬ್ಬರಿಗೆ ಒಂದೇ ಪ್ರಶ್ನೆ ಅಂದಿದ್ದೆ.

ಡಾಕ್ಟರ್: ಇರಲಿ. ಸದ್ದು ಉಸಿರು ಬಿಡುವಾಗಲೋ ಎಳೆಯುವಾಗಲೋ ನೋಡಿ. ಎಳೆಯುವಾಗ ಆದರೆ ಗೊರಕೆ ಇರಬಹುದು. ದೀರ್ಘವಾಗಿ ಉಸಿರೆಳೆದು, ಬಿಡುವಾಗ ಉದ್ದಕ್ಕೆ ನರಳಿದ ಹಾಗೆ ಸದ್ದು ಬಂದರೆ ಅದಕ್ಕೆ ಕ್ಯಾಟಥ್ರೀನಿಯಾ ಅಂತ ಹೆಸರು. ಕೆಟ್ಟ ಕನಸಲ್ಲ, ನೋವೂ ಅಲ್ಲ. ಹಗಲು ತೂಕಡಿಕೆ ಇದ್ದರೆ, ಉಸಿರು ನಿಂತ ಹಾಗೆ ಕಂಡರೆ ನಿದ್ದೆಯ ಪರೀಕ್ಷೆ ಮಾಡಿಸಿ. ಒಂದು ರಾತ್ರಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ, ಡಾಕ್ಟರಿಗೆ ಅದು ತುಂಬಾ ಉಪಯೋಗ.

ಎಳೆಬಿಸಿಲು: ಮಗು ಎರಡು ವರ್ಷದ್ದು, ಊಟ ಮಾಡುವಾಗ ಗುನುಗುತ್ತೆ. ಆಟಿಸಂ ಲಕ್ಷಣ ಅಂತ ವಿಡಿಯೋದಲ್ಲಿ ನೋಡಿ ರಾತ್ರಿಯೆಲ್ಲ ನಿದ್ದೆ ಇಲ್ಲ.

ಡಾಕ್ಟರ್: ಬರೀ ಗುನುಗಿನಿಂದ ಏನೂ ಹೇಳೋಕಾಗಲ್ಲ, ಎಷ್ಟೋ ಮಕ್ಕಳು ಗುನುಗುತ್ತಾರೆ. ಹೆಸರು ಕರೆದರೆ ತಿರುಗುತ್ತಾ, ಬೇಕಾದ್ದನ್ನ ಬೆರಳು ಮಾಡಿ ತೋರಿಸುತ್ತಾ, ಎರಡು ಪದ ಕೂಡಿಸಿ ಮಾತಾಡುತ್ತಾ? ಇಲ್ಲ ಅಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ವಿಡಿಯೋ ನೋಡೋದು ನಿಲ್ಲಿಸಿ.

ಓದುಗ: ನಮ್ಮ ಆಫೀಸಿನಲ್ಲಿ ಪಕ್ಕದವರು ಇಡೀ ದಿನ ಗುನುಗ್ತಾರೆ. ಅದಕ್ಕೇನಾದ್ರೂ ಔಷಧಿ ಇದ್ಯಾ?

ಗಾನಪ್ರಿಯ: ಗುನುಗಿದರೆ ತಪ್ಪೇನು? ಗ್ಲೆನ್ ಗೂಲ್ಡ್ ಅಂತ ದೊಡ್ಡ ಪಿಯಾನೋ ವಾದಕ, ನುಡಿಸುವಾಗ ಅವರ ಗುನುಗು ರೆಕಾರ್ಡಿಂಗುಗಳಲ್ಲೇ ಕೇಳುತ್ತೆ.

ಓದುಗ: ನಮ್ಮ ಪಕ್ಕದವರು ಪಿಯಾನೋ ನುಡಿಸಲ್ಲ ಸ್ವಾಮಿ. ಎಂಟು ಗಂಟೆ ಕೇಳಿ ನೋಡಿ, ಆಮೇಲೆ ಮಾತಾಡಿ.

ಗಾನಪ್ರಿಯ: ನೇರವಾಗಿ ಅವರಿಗೇ ಹೇಳಿ. ಇಲ್ಲಿ ಯಾಕೆ ಹೇಳ್ತೀರಿ?

ಮೌನರಾಗ: ಮೇಡಂ, ತಂದೆಯವರ ವಿಷಯ ಮೇಲೆ ಕೇಳಿದ್ದೆ.

ಜೇನುಗೂಡು: ಇದನ್ನ ಓದಿ ಎಲ್ಲರೂ: "ಹಬೆ ತಗೊಳ್ತಾ 21 ಸಲ ಗುನುಗಿದರೆ ಶ್ವಾಸಕೋಶದ ವೈರಸ್ ಸಾಯುತ್ತೆ. ಹತ್ತು ಜನರಿಗೆ ಕಳಿಸಿ."

ಡಾಕ್ಟರ್: ಇದನ್ನ ತೆಗೆಯಿರಿ. ಗುನುಗಿದರೆ ವೈರಸ್ ಸಾಯೋದಿಲ್ಲ. ಕುದಿಯೋ ನೀರಿನ ಮೇಲೆ ಬಗ್ಗಿ ಮುಖ, ಎದೆ ಸುಟ್ಟುಕೊಂಡು ಬರೋ ಮಕ್ಕಳನ್ನ ನೋಡಿದ್ದೀನಿ ನಾನು. ಅಡ್ಮಿನ್, ಇಂಥದ್ದು ಇನ್ನೊಂದು ಬಂದರೆ ನಾನು ಇಲ್ಲಿ ಉತ್ತರ ಬರೆಯಲ್ಲ.

ಜೇನುಗೂಡು: ಒಳ್ಳೇದಾಗಲಿ ಅಂತ ಹಾಕಿದ್ದು. ಇಷ್ಟು ಕೋಪ ಯಾಕೆ?

ಹಳೇ ಮೇಷ್ಟ್ರು: ಒಳ್ಳೇದಾಗಲಿ ಅಂತಲೇ ಎಣ್ಣೇನೂ ಹೇಳಿದ್ರಿ.

ಅಡ್ಮಿನ್: ಮೆಸೇಜು ಅಳಿಸಿದ್ದೀನಿ. ಫಾರ್ವರ್ಡು ಮಾಡಿದವರನ್ನ ಒಂದು ವಾರ ತೆಗೆಯಲಾಗುತ್ತೆ, ಯಾರೇ ಆಗಲಿ.

ಬೆಳ್ಳಿಚುಕ್ಕಿ: ಮೇಡಂ ಕೊನೇದಾಗಿ, ಸೈನಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಗುನುಗಬೇಕಾ?

ಗಾನಪ್ರಿಯ: ಅಯ್ಯೋ ದೇವರೇ.

ಇಬ್ಬನಿ: ಮೇಡಂ, ಆಸ್ಪತ್ರೆಯಲ್ಲಿದ್ದೀನಿ. ಒಳಗೆ ನೋಡಿದರು, ಗುಗ್ಗೆ ಇಲ್ಲವಂತೆ. ಆಡಿಯೋಗ್ರಾಮ್ ಈಗ ಆಯ್ತು, ಎಡಗಡೆ ಗೆರೆ ತುಂಬಾ ಕೆಳಗೆ ಹೋಗಿದೆ. ಫೋಟೋ ಇಲ್ಲಿ ಹಾಕ್ಲಾ?

ಡಾಕ್ಟರ್: ಗುಂಪಿಗೆ ಬೇಡ. ಅಲ್ಲಿನ ಡಾಕ್ಟರಿಗೆ ತೋರಿಸಿ, ಸ್ಟೀರಾಯ್ಡ್ ಇವತ್ತೇ ಶುರು ಮಾಡ್ತೀರಾ ಅಂತ ನೇರವಾಗಿ ಕೇಳಿ. ನರದ ಮೇಲೆ ಗೆಡ್ಡೆ ಇಲ್ಲ ಅಂತ ಖಚಿತ ಮಾಡಿಕೊಳ್ಳೋಕೆ ಎಂಆರ್‌ಐ ಯಾವಾಗ ಅಂತಲೂ ಕೇಳಿ, ಅದಕ್ಕಾಗಿ ಔಷಧಿ ಕಾಯಬೇಕಿಲ್ಲ. ಮತ್ತೆ ಆಡಿಯೋಗ್ರಾಮ್ ಯಾವ ದಿನ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ನನಗೆ ರಾತ್ರಿ ಒಂದು ಸಾಲು ಕಳಿಸಿ, ಎಷ್ಟೇ ಹೊತ್ತಾಗಿರಲಿ.